ಮೂವತ್ತು ಹೆಜ್ಜೆ

ಕೆರಗೋಡಿನ ಹೈಸ್ಕೂಲು. ಊಟದ ನಂತರದ ಪಿರಿಯಡ್ಡು.
ಅಮೆರಿಕದ ಗುಲಾಮರಿಗೆ ಬಿಡುಗಡೆಯಾಯಿತೆಂದು
ಬೋರ್ಡಿನ ಮೇಲೆ ಇಸವಿ ಬರೆದೆ.
ಟೆಕ್ಸಾಸಿಗೆ ಆ ಸುದ್ದಿ ಮುಟ್ಟಲು
ಎರಡೂವರೆ ವರ್ಷ ಹಿಡಿಯಿತು, ಅಂದೆ.
ಅಷ್ಟರಲ್ಲಿ ಎರಡು ಸಲ ಹತ್ತಿ ಬಿಡಿಸಿದ್ದರು,
ಸುಮ್ಮನೆ.

ಹಿಂದಿನ ಬೆಂಚಿನಿಂದ ಪುಟ್ಟಲಕ್ಷ್ಮಿ:
"ನಮ್ ತಾತಂಗೂ ಲೇಟಾಗೇ ಗೊತ್ತಾಗಿದ್ದು, ಮಿಸ್."

ಸಂಜೆ ಹೋದಾಗ ಜವನಯ್ಯ
ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು.
ಅಕ್ಕನ ಮದುವೆಗೆ ಅಪ್ಪ ತಂದ ಮುನ್ನೂರು ರೂಪಾಯಿಗೆ
ಹನ್ನೊಂದನೇ ವಯಸ್ಸಿಗೇ ಜೀತಕ್ಕೆ ಬಿದ್ದವರು.
ಗಾಣಕ್ಕೆ ಕಬ್ಬು ಕೊಡುವಾಗ
ಎರಡು ಬೆರಳೂ ಜೊತೆಗೆ ಹೋದವಂತೆ.
"ಆ ಸಲದ ಬೆಲ್ಲ ಮಂಡ್ಯದಲ್ಲಿ
ಒಳ್ಳೆ ರೇಟಿಗೇ ಹೋಯ್ತು ಕಣವ್ವ."

"ಕಾನೂನು ಬಂದಿದ್ದು ರೇಡಿಯೋದಲ್ಲಿ.
ರೇಡಿಯೋ ಇದ್ದಿದ್ದು ಧಣಿ ಪಡಸಾಲೇಲಿ.
ನಾನು ಹಿತ್ಲು ಕೊಟ್ಟಿಗೇಲಿ.
ಅದಕ್ಕೆ ಸೆಲ್ಲು ತರ್ತಿದ್ದೋನೂ ನಾನೇಯ."

ನಡುವೆ ಸಮುದ್ರವಿಲ್ಲ, ಹಡಗಿಲ್ಲ, ಯುದ್ಧವಿಲ್ಲ.
ಮೂವತ್ತು ಹೆಜ್ಜೆ.
ನಾಲ್ಕು ವರ್ಷ.

ಕೊನೆಗೆ ಹೇಳಿದವರು ಯಾರು?
ಎಮ್ಮೆಗೆ ಸೂಜಿ ಹಾಕಲು ಬಂದ ಡಾಕ್ಟರು.
ಕೈ ತೊಳೆಯುತ್ತ, ಚೊಂಬು ಹಿಡಿದಿದ್ದ ಇವರನ್ನು
"ಇನ್ನೂ ಇಲ್ಲೇ ಇದೀಯೇನಯ್ಯ?" ಅಂದರಂತೆ.

ಅವತ್ತೇ ಹೊರಟಿರಾ?

"ಇಲ್ಲ ಕಣವ್ವ. ತುಂಬುಗಬ್ಬದ ಎಮ್ಮೆ.
ಅದು ಈಯೋಗಂಟ ಇದ್ದೆ.
ಕರ ಎದ್ದು ನಿಂತ್ಕೊಂಡು ಮೊಲೆಗೆ ಬಾಯಿ ಹಾಕ್ತು.
ಎದ್ದು ಬಂದೆ."

ನಾಳೆ ಬೋರ್ಡಿನ ಮೇಲೆ
ಯಾವ ಇಸವಿ ಬರೆಯಲಿ ಎಂದು ಕೇಳಲಿಲ್ಲ ನಾನು.
ಅವರು ಹಗ್ಗದ ತುದಿಗೆ ಗಂಟು ಬಿಗಿದು,
ಎಂಟು ಬೆರಳಲ್ಲಿ ಜಗ್ಗಿ ನೋಡಿ,
ಮೊಮ್ಮಗಳತ್ತ ಎಸೆದರು:
"ಸ್ಕಿಪ್ಪಿಂಗ್ ಆಡ್ಬೇಕು ಅಂತಿದ್ಯಲ್ಲ, ತಕೊ."