ಜನವರಿಯಲ್ಲಿ ಅಗೆಯಬಹುದೇ

ಮೂರನೆಯ ಮನೆಯ ಅಡುಗೆಕಟ್ಟೆಗೆ ಒರಗಿ
ವರ್ನಾ ಕೇಳುತ್ತಾಳೆ: ದೊಡ್ಡಾಸ್ಪತ್ರೆ ಎಷ್ಟು ದೂರ?
ಎರಡು ತಾಸು, ಎನ್ನುತ್ತಾಳೆ ಮನೆ ತೋರಿಸುವ ಸೊಕೋರೋ,
ಅವಸರವಿದ್ದರೆ ಹೆಲಿಕಾಪ್ಟರ್, ದುಡ್ಡಿದ್ದರೆ.
ಸುಳ್ಳು ಹೇಳಲು ಬಾರದ ಹೆಂಗಸು.
ಇವಳ ವ್ಯಾಪಾರ ಹೇಗೆ ನಡೆಯುತ್ತದೋ.

ನಾನು ತಣ್ಣೀರಿನ ನಲ್ಲಿ ತಿರುಗಿಸಿ ನಿಂತಿದ್ದೇನೆ.
ಕೈ ಸುಡುವ ನೀರು.
ಜೂನ್ ಅಲ್ಲವೇ, ಎನ್ನುತ್ತಾಳೆ,
ತಣ್ಣೀರು ಬೇಕೆಂದರೆ ಗೀಸರ್ ಆರಿಸಿ
ಅದರಲ್ಲಿ ತುಂಬಿಸಿಡಬೇಕು.

ನಲವತ್ತೊಂದು ವರ್ಷ ಹಿಮ ತಳ್ಳಿದವನು ನಾನು
ಡುಲೂತಿನ ಇಳಿಜಾರು ಬೀದಿಗಳಲ್ಲಿ.
ಹಗಲು ತಳ್ಳಿದ್ದು ರಾತ್ರಿ ಮತ್ತೆ ಬಂದು ಬೀಳುತ್ತಿತ್ತು,
ಹೇಳದೆ ಕೇಳದೆ ಬರುವ ನೆಂಟನ ಹಾಗೆ.
ನಿವೃತ್ತಿಯ ದಿನ ಇಲಾಖೆ ಕೊಟ್ಟ ಉಡುಗೊರೆ
ಚಿನ್ನದ ಬಣ್ಣ ಬಳಿದ ಒಂದು ಸಲಿಕೆ.
ಅದೀಗ ಕಾರಿನ ಡಿಕ್ಕಿಯಲ್ಲಿದೆ,
ದಾರಿಯಲ್ಲಿ ಎಲ್ಲಾದರೂ ಬಿಟ್ಟುಬಿಡುವ ಆಸೆ,
ಎಲ್ಲೂ ಮನಸ್ಸು ಬರಲಿಲ್ಲ.

ವರ್ನಾಳ ನೋಟುಬುಕ್ಕಿನಲ್ಲಿ ಹೀಗಿದೆ:
ಗ್ರೀನ್ ವ್ಯಾಲಿ. ಎಲ್ಲರೂ ನಮ್ಮಂಥವರೇ,
ಗಾಲ್ಫ್ ಗಾಡಿಯಲ್ಲಿ ಬ್ರೆಡ್ಡಿಗೆ ಹೋಗುತ್ತಾರೆ.
ಮೂರು ದಿನ ಒಂದು ಮಗು ಅತ್ತದ್ದು ಕೇಳಲಿಲ್ಲ.
ಲೇಕ್ ಹವಾಸು. ಲಂಡನ್ನಿನ ಹಳೆ ಸೇತುವೆ
ಬಿಚ್ಚಿ ತಂದು ಇಲ್ಲಿ ಜೋಡಿಸಿದ್ದಾರೆ. ಯಾಕೆ?
ಯೂಮಾ. ಅವನಿಗೆ ಹೊಟ್ಟೆ ಕೆಟ್ಟಿತು.
ಅಹೋ, ತಾಮ್ರದ ಗಣಿ ಮುಚ್ಚಿದ ಊರು.
ಮುಂದೆ ಏನೂ ಬರೆದಿಲ್ಲ.

ಎದುರು ಮನೆಯ ಮೆಸ್ಕೀಟ್ ನೆರಳಲ್ಲಿ
ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತ ಮುದುಕ,
ಲಿಯಾಂಡ್ರೋ, ಓಧಮ್ ಜನದವನು,
ಆ ಗಣಿಯಲ್ಲೇ ಮೊಣಕಾಲು ಸವೆಸಿದವನು.
ಚಳಿಗಾಲ ನೋಡಿ ಮನೆ ಕೊಂಡವರು
ಜೂನಿಗೆ ಮಾರಾಟದ ಬೋರ್ಡು ನೆಡುತ್ತಾರೆ.
ನೀವು ಜೂನಿಗೇ ಬಂದಿರಿ,
ಅದಕ್ಕೆ ಮಾತಾಡಿಸಿದೆ, ಎನ್ನುತ್ತಾನೆ.

ಆಗ ವರ್ನಾ,
ಬಿಸಿಲಿನ ಬಗ್ಗೆಯಲ್ಲ, ನೀರಿನ ಬಗ್ಗೆಯಲ್ಲ,
ಹಾವು ಚೇಳು ತೆರಿಗೆಯ ಬಗ್ಗೆಯೂ ಅಲ್ಲ:
ಇಲ್ಲಿ ಜನವರಿಯಲ್ಲಿ ನೆಲ ಅಗೆಯಬಹುದೇ?

ಸೊಕೋರೋ ತರಕಾರಿ ಮಡಿ ಎಂದುಕೊಂಡಳು.
ನನಗೆ ಗೊತ್ತಾಯಿತು.
ಇವಳ ಅಕ್ಕ ಸಿಗ್ನೆ ತೀರಿಕೊಂಡದ್ದು ಜನವರಿ ಒಂಬತ್ತಕ್ಕೆ.
ನೆಲ ಕಬ್ಬಿಣ. ಯಂತ್ರದ ಹಲ್ಲೂ ಇಳಿಯಲಿಲ್ಲ.
ಸ್ಮಶಾನದ ಅಂಚಿನ ಕಲ್ಲುಕೋಣೆಯಲ್ಲಿಟ್ಟು
ಬೀಗ ಹಾಕಿದರು, ಮೇ ಬರಲಿ ಎಂದು.
ಹದಿನಾರು ಭಾನುವಾರ ಇವಳು
ಫ್ಲಾಸ್ಕಿನಲ್ಲಿ ಕಾಫಿ ಒಯ್ದು
ಆ ಬಾಗಿಲ ಮುಂದೆ ನಿಂತು ಕುಡಿದು ಬಂದಳು.
ಅಲ್ಲಿಗೆ ಹೋಗುವ ದಾರಿಯ ಹಿಮ
ನಾನೇ ತಳ್ಳಿದ್ದು.
ನಾವಿಬ್ಬರೂ ಅದನ್ನು ಮಾತಾಡಿಲ್ಲ.

ಲಿಯಾಂಡ್ರೋ ನಗಲಿಲ್ಲ. ನೀವೇ ನೋಡಿ, ಎಂದ.
ಡಿಕ್ಕಿಯಿಂದ ಚಿನ್ನದ ಸಲಿಕೆ ತಂದೆ.
ಅಂಗಳದಲ್ಲಿ ಹೊಡೆದೆ. ಠಣ್ಣೆಂದಿತು.
ಎರಡು ಬೆರಳು ಮಣ್ಣು, ಕೆಳಗೆ ಸುಣ್ಣಗಲ್ಲಿನ ಪದರ,
ಕಲೀಚೆ ಅನ್ನುತ್ತಾರಂತೆ.
ಮೊದಲ ಏಟಿಗೇ ಚಿನ್ನ ಎದ್ದುಹೋಗಿ
ಒಳಗಿನ ತಗಡು ಕಾಣಿಸಿತು.

ಮುದುಕ ಎದ್ದು ಒಳಹೋಗಿ
ತನ್ನೆತ್ತರದ ಹಾರೆ ತಂದ.
ಇದು ಬೇಕು, ಮತ್ತೆ ಇಬ್ಬರು ಹುಡುಗರು.
ಆದರೆ ಹನ್ನೆರಡು ತಿಂಗಳೂ ಇಷ್ಟೇ ಗಟ್ಟಿ.
ಬೆಳಿಗ್ಗೆ ಹಿಡಿದರೆ ಸಂಜೆಗೆ ಮುಗಿಯುತ್ತೆ.

ಸಂಜೆಗೆ, ಎಂದಳು ವರ್ನಾ.
ಕುರ್ಚಿ ಇನ್ನೊಂದಿತ್ತು, ಕೂತಳು.
ಸೊಕೋರೋ ಬೀಗದ ಗೊಂಚಲು ಹಿಡಿದು
ನಾಲ್ಕನೆಯ ಮನೆ ಇಲ್ಲೇ ಹತ್ತಿರ, ಎನ್ನುತ್ತಿದ್ದಳು.
ನಾನು ಗುಂಡಿಯಂತೂ ಆಗದ ಆ ಗೀರನ್ನು
ಕಾಲಿನಿಂದ ಮುಚ್ಚಿದೆ.
ನೋಟುಬುಕ್ಕಿನಲ್ಲಿ ಅವಳು ಬರೆದದ್ದು ಆಮೇಲೆ ನೋಡಿದೆ:
ಅಹೋ. ನಲ್ಲಿ ನೀರು ಬಿಸಿ.
ಒಂದು ಹಾರೆ ಕೊಳ್ಳಬೇಕು.