ಚಾನೆಲ್ ಮೂರು

ಇಪ್ಪತ್ತೆಂಟು ವರ್ಷ ಟ್ರಾಮ್ ಓಡಿಸಿದವನು ನಾನು.
ತ್ಬಿಲಿಸಿಯ ಹಳಿ ಕಿತ್ತ ಮೇಲೆ
ಹೆಂಡತಿಯ ಫ್ಲ್ಯಾಶ್ ಹಿಡಿಯುವ ಕೆಲಸಕ್ಕೆ ಸೇರಿದೆ.
ಸಂಬಳವಿಲ್ಲ. ಮದುವೆಯೂಟ ಉಂಟು.

ಮೊದಲು ಹುಡುಕಿದ್ದು ಒಣಸೇತುವೆಯ ಸಂತೆಯಲ್ಲಿ.
ಪದಕ, ಚಮಚ, ಸತ್ತವರ ಕನ್ನಡಕಗಳ ಪಕ್ಕ
ಕಂಬಳಿ ಹಾಸಿ ಇಟ್ಟಿದ್ದರು ಸೋವಿಯತ್ ಕಾಲದ ಫ್ಲ್ಯಾಶುಗಳನ್ನು,
ಒಂದೊಂದೂ ಇಟ್ಟಿಗೆ ತೂಕ.
'ಇದು ಸಾಯೋದಿಲ್ಲ ತಾಯಿ' ಅಂದ ಮಾರುವವನು.
ತ್ಸಿಯಾಲಾ ಕೈಚೀಲದಿಂದ ಮೀಟರ್ ತೆಗೆದಳು,
ಎರಡು ಕಡ್ಡಿ ತಾಗಿಸಿದಳು:
ನೂರ ತೊಂಬತ್ತು ವೋಲ್ಟ್.
'ನಿಜ, ಇದು ಸಾಯೋದಿಲ್ಲ.
ನನ್ನ ಕ್ಯಾಮೆರಾ ಸಾಯುತ್ತೆ.'

ಆಮೇಲೆ ಅಂಗಡಿ. ಗಾಜಿನ ಹಿಂದಿನ ಹುಡುಗ ತೋರಿಸಿದ
ತಾನೇ ಅಳೆದು ತಾನೇ ಸುರಿಯುವ ದುಬಾರಿ ದೀಪ.
'ಬಿಳಿ ಗೌನು ಕಂಡರೆ ಬೆದರಿ ಕೈ ಬಿಗಿ ಹಿಡಿಯುತ್ತೆ,
ಕರಿ ಕೋಟು ಕಂಡರೆ ಧಾರಾಳಿ.
ಮದುವೆಯಲ್ಲಿ ಇರೋದೇ ಅವೆರಡು ಕಣಪ್ಪ.'
ಅಗ್ಗದ್ದೇ ಕೊಂಡೆವು, ಹೇಳಿದಷ್ಟೇ ಕೊಡುವಂಥದ್ದು.
ಗುಂಡಿ ತಿರುಗಿಸಿದರೆ
ಪೂರ್ತಿ, ಅರೆ, ಕಾಲು, ಅರೆಕಾಲು,
ವೀಸ, ಅರೆವೀಸ,
ನನ್ನ ಟ್ರಾಮಿನ ಹಿಡಿಕೆಯಂತೆ
ಹಲ್ಲು ಹಲ್ಲಿಗೂ ಒಂದು ಟಿಕ್.
ಅದೊಂದು ನನಗೆ ಸಲೀಸು.

ಒಗ್ಗದ್ದು ರೇಡಿಯೋ.
ಕ್ಯಾಮೆರಾದ ನೆತ್ತಿಗೊಂದು ಬಿಲ್ಲೆ, ಫ್ಲ್ಯಾಶಿನ ಪಾದಕ್ಕೊಂದು,
ಎರಡಕ್ಕೂ ಒಂದೇ ಚಾನೆಲ್: ಮೂರು.
ಅವಳು ಅಲ್ಲಿ ಒತ್ತಿದರೆ
ನನ್ನ ಕೈಯಲ್ಲಿ ಮಿಂಚು.
ತಲೆಯ ಮೇಲೆ ತಂತಿಯಿಲ್ಲದೆ ಓಡುವುದನ್ನು
ನಾನು ಇಂದಿಗೂ ಪೂರಾ ನಂಬಿಲ್ಲ.

ಅವಳ ಗದ್ದ ಎದ್ದರೆ ದೀಪ ಎತ್ತಬೇಕು.
ಎರಡು ಬೆರಳು ಮಡಿಸಿದರೆ ಹಿಂದೆ ಸರಿಯಬೇಕು,
ಆದರೆ ಹುಷಾರಾಗಿ:
ದೂರ ಎರಡರಷ್ಟಾದರೆ ಉಳಿಯುವುದು ಅರೆಯಲ್ಲ, ಕಾಲು.
ಈ ಲೆಕ್ಕ ಮನುಷ್ಯರಿಗೂ ಉಂಟೇ ಎಂದು ಒಮ್ಮೆ ಕೇಳಿದೆ.
'ಕೊಡೆ ಓರೆಯಾಗಿದೆ, ನೆಟ್ಟಗೆ ಹಿಡಿ' ಅಂದಳು.

ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ,
ಆ ಬುಡ ನಾನು.
ಮುನ್ನೂರು ಮದುವೆಯ ಆಲ್ಬಮ್ಮುಗಳಲ್ಲಿ
ನನ್ನದು ಅಂತ ಇರುವುದು
ಒಬ್ಬ ವರನ ಬೂಟಿನ ಮೇಲೆ ಬಿದ್ದ ಮೊಣಕೈ ನೆರಳು.

ತೆಲಾವಿಯ ಮದುವೆಗೆ ವರನ ಕಡೆಯವರು ತಮ್ಮವನನ್ನೇ ತಂದಿದ್ದರು,
ಶಾಲ್ವಾ ಅಂತ, ಮೀಸೆ ಇನ್ನೂ ಮೂಡುತ್ತಿರುವ ಹುಡುಗ.
ಊಟದ ಹೊತ್ತು. ತ್ಸಿಯಾಲಾ ಲೆನ್ಸು ಬದಲಿಸಲು ಒಳಗೆ ಹೋದಳು.
ದೀಪವನ್ನು ಮಡಿಲಲ್ಲಿ ಅಂಗಾತ ಮಲಗಿಸಿ
ನಾನು ಖಾಚಾಪುರಿ ಮುರಿದೆ.
ತಮಾದಾ ಎದ್ದು ನಿಂತ, ದ್ರಾಕ್ಷಾರಸ ತುಂಬಿದ ಕೊಂಬು ಎತ್ತಿ,
'ಇವತ್ತು ನಮ್ಮ ನಡುವೆ ಇಲ್ಲದವರಿಗೆ' ಎಂದ.
ಎಲ್ಲರೂ ಎದ್ದರು.
ಶಾಲ್ವಾ ಗುರಿಯಿಟ್ಟ,
ಒತ್ತಿದ.

ಉರಿದದ್ದು ಅವನದ್ದಷ್ಟೇ ಅಲ್ಲ.
ಮಡಿಲಿನಿಂದ ಸೀದಾ ನನ್ನ ಮುಖಕ್ಕೆ!
ಯಾರೋ ಅಜ್ಜಿ ಶಿಲುಬೆ ಬರೆದುಕೊಂಡಳು,
ತಮಾದಾನ ಮಾತು ಕಳಚಿ ಬಿತ್ತು,
ಬಾಗಿಲಲ್ಲಿ ತ್ಸಿಯಾಲಾ ಕೂಗಿದಳು,
'ಅವನೂ ಮೂರರಲ್ಲಿದ್ದಾನೆ! ಹನ್ನೊಂದಕ್ಕೆ ತಿರುಗಿಸು!'

ಇಷ್ಟು ವರ್ಷ ಜೋಪಾನ ಮಾಡಿದ್ದು
ಸರಿಯಾದ ಸಂಖ್ಯೆ ಗೊತ್ತಿದ್ದ ಯಾರಿಗಾದರೂ
ಓಗೊಡುತ್ತಿತ್ತು. ನಾನು ಬಯ್ಯಲಿಲ್ಲ.
ಟ್ರಾಮೂ ಹಾಗೇ ಇತ್ತು.

ತಿಂಗಳಾದ ಮೇಲೆ ಹುಡುಗ ಒಂದು ಪ್ರತಿ ಕಳಿಸಿದ.
ಎದ್ದು ನಿಂತ ಮಂಕು ಬೆನ್ನುಗಳ ನಡುವೆ
ಕೂತೇ ಇರುವ ಒಬ್ಬ,
ಕಣ್ಣು ಮುಚ್ಚಿ, ತುಟಿಯಿಂದ ಗಿಣ್ಣಿನ ಎಳೆ ಇಳಿಬಿದ್ದು,
ಸುಕ್ಕು ಸುಕ್ಕೂ ಎಣಿಸುವಷ್ಟು ಬೆಳಗಿ.

ತ್ಸಿಯಾಲಾ ಕನ್ನಡಕ ಏರಿಸಿ ನೋಡಿದಳು.
'ಬೆಳಕು ಕೆಳಗಿಂದ, ದೆವ್ವದ ಹಾಗಿದ್ದೀಯ.
ಎಷ್ಟಕ್ಕಿಟ್ಟಿದ್ದೆ?'
'ಕಾಲು.'
'ವೀಸ ಸಾಕಿತ್ತು.'

ಗೋಡೆಗೆ ಹಾಕಲಿಲ್ಲ, ಆಲ್ಬಮ್ಮಿಗೂ ಇಲ್ಲ.
ಬ್ಯಾಟರಿ ಡಬ್ಬದ ಮುಚ್ಚಳದ ಒಳಮೈಗೆ ಅಂಟಿಸಿದ್ದಾಳೆ.
ಅದನ್ನು ದಿನಾ ತೆರೆಯುವವಳು
ಅವಳೊಬ್ಬಳೇ.