ಹಿಂತಿರುಗುವುದಕ್ಕೆ ಪುರಾವೆ

ನುಕುಸ್ ವಿಶ್ವವಿದ್ಯಾಲಯದ ಉಗ್ರಾಣದ ಕೀಲಿ
ಇಪ್ಪತ್ತಾರು ವರ್ಷದಿಂದ ನನ್ನ ಸೊಂಟದಲ್ಲಿ.
ಗಾಜಿನ ಕೊಳವೆ, ಸೋಸುಕಾಗದ, ತಕ್ಕಡಿ;
ಕೊಟ್ಟದ್ದು ಬರೆದುಕೊಳ್ಳುವುದು, ಬಂದದ್ದು ಎಣಿಸುವುದು,
ಒಡೆದದ್ದಕ್ಕೆ ಗೊಣಗುವುದು. ಇಷ್ಟೇ ನನ್ನ ವಿದ್ಯೆ.
ಪತ್ರ ಬರೆಯುವ ಕೆಲಸ ಯಾರೂ ಕೊಟ್ಟದ್ದಲ್ಲ,
ಅಂಟಿಕೊಂಡದ್ದು.

ಬಿಬಿನಾಜ್ ಮೊದಲು ಬಂದದ್ದು ಕೇಕಿನ ತಟ್ಟೆ ಕೇಳಿಕೊಂಡು.
ಮೂವತ್ತೆರಡು.
ಹುಡುಗರಾಡುವ ಗೋಲಿ ಅವುಗಳಲ್ಲಿ ಹರಡಿ
ಶಾಲೆಯ ಮಾಡಿನ ಮೇಲೆ, ಹತ್ತಿಹೊಲದ ಬದುವಿನಲ್ಲಿ,
ಹೆರಿಗೆ ಆಸ್ಪತ್ರೆಯ ಕಿಟಕಿಯ ಹೊರಗೆ ಇಟ್ಟು ಬಂದಳು.
ಬತ್ತಿದ ಸಮುದ್ರದ ಕಡೆಯಿಂದ ಗಾಳಿ ಬಂದರೆ
ಗೋಲಿಗಳ ಸಂದಿಯಲ್ಲಿ ಉಪ್ಪು ಕೂರುತ್ತದೆ.
ಸೋಮವಾರಕ್ಕೊಮ್ಮೆ ತೊಳೆದು, ಒಣಗಿಸಿ, ತೂಗಿ
ಬರೆದಿಟ್ಟಳು ಎರಡು ವರ್ಷ.
ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ತಿನ್ನದೆ, ಬರೀ ಉಸಿರಾಡಿದವರು?

ಲಿಸ್ಬನ್ನಿನಿಂದ ಕರೆ ಬಂತು: ಬಾ, ಏಳು ನಿಮಿಷ ಮಾತಾಡು.
ಕೆಳಗೆ ಇರುವೆಯಂಥ ಅಕ್ಷರದಲ್ಲಿ:
ಖರ್ಚು ಮೊದಲು ನಿನ್ನದು, ರಸೀದಿ ತಂದರೆ ಆಮೇಲೆ ನಮ್ಮದು.
ಆ ಮೊದಲಿಗೂ ಈ ಆಮೇಲೆಗೂ ನಡುವಿನ ಹಳ್ಳದಲ್ಲಿ
ಎಷ್ಟು ಮಕ್ಕಳು ಬಿದ್ದದ್ದು ನೋಡಿದ್ದೇನೆ.
ಹತ್ತೊಂಬತ್ತು ಪತ್ರ ಬರೆದಿದ್ದೆ ಅಷ್ಟರಲ್ಲಿ,
ಹೋದವರು ನಾಲ್ವರು.

ಅವಳಮ್ಮ ಬಜಾರಿನಲ್ಲಿ ರೊಟ್ಟಿ ಮಾರುವವಳು.
ಹನ್ನೆರಡು ಹೆಂಗಸರು ತಿಂಗಳಿಗೊಮ್ಮೆ ಚಹಾಕ್ಕೆ ಸೇರಿ
ಒಬ್ಬಳ ಮಡಿಲಿಗೆ ಹಣ ಸುರಿಯುವ ಚೀಟಿ;
ಆ ತಿಂಗಳು ಉಲ್‌ಬೋಸಿನಳ ಸರದಿ
('ಗಂಡಾಗಲಿ' ಎಂದು ಅಪ್ಪ ಇಟ್ಟ ಹೆಸರು, ಐದನೆಯ ಮಗಳಿಗೆ).
ಫ್ರಿಜ್ಜಿಗೆಂದು ಅಡುಗೆಮನೆಯ ಮೂಲೆ ಅಳೆದಿಟ್ಟಿದ್ದಳು.
'ಬೇಸಿಗೆ ಇನ್ನೊಂದು ಬರುತ್ತೆ' ಅಂದಳು,
ತಟ್ಟೆಯನ್ನು ಅತ್ತ ದೂಡಿದಳು.

ತಾಷ್ಕೆಂಟಿಗೆ ರಾತ್ರಿ ರೈಲು. ಗಾಜಿನಾಚೆಯಿಂದ ಪ್ರಶ್ನೆ:
ನೀನು ಹಿಂತಿರುಗುತ್ತೀ ಅನ್ನುವುದಕ್ಕೆ ಪುರಾವೆ?
ಹೊಲ? ಮನೆ? ಗಂಡ? ಬ್ಯಾಂಕಿನ ಕಾಗದ?
ಯಾವುದೂ ಇರಲಿಲ್ಲ. ವಾರ ಬಿಟ್ಟು ಬಾ ಅಂದರು.

ಅವತ್ತು ಬರೆದೆ ಇಪ್ಪತ್ತನೆಯದು.
'ಸದರಿ ವಿದ್ಯಾರ್ಥಿನಿಯು' ಎಂದು ಶುರುಮಾಡಿ, ಹರಿದೆ.
ಬರೆದೆ: ಮಾನ್ಯರೇ,
ಮೂವತ್ತೆರಡು ತಟ್ಟೆ ಈಕೆಯ ಹೆಸರಿನಲ್ಲಿವೆ.
ಸೋಮವಾರ ತೊಳೆಯದಿದ್ದರೆ ಎರಡು ವರ್ಷದ ಲೆಕ್ಕ ಕೆಡುತ್ತದೆ.
ಒಂದು ಸೋಮವಾರ ನಾನು ತೊಳೆಯುತ್ತೇನೆ.
ಎರಡನೆಯದಕ್ಕೆ ನನ್ನ ಮೊಣಕಾಲು ಒಪ್ಪುವುದಿಲ್ಲ.
ಆದ್ದರಿಂದ ಬರುತ್ತಾಳೆ.

ಉಗ್ರಾಣದ ಮೊಹರು ಒತ್ತಿದೆ. ನನ್ನ ಬಳಿ ಇನ್ನಾವುದಿದೆ?

ವೀಸಾ ಬಂತು. ಪತ್ರದಿಂದಲೋ,
ಗಾಜಿನಾಚೆಯವನಿಗೆ ಅವತ್ತು ಊಟ ರುಚಿಸಿತ್ತೋ, ಹೇಳಲಾರೆ.

ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸಿದರಂತೆ.
ಸಣ್ಣ ಸೀಸೆ, ಬಿಳಿ ಪುಡಿ.
ಇಬ್ಬರು ಬಂದರು, ನಾಯಿ ಬಂತು. ಏನಿದು?
ಕಲಿತ ಇಂಗ್ಲಿಷೆಲ್ಲ ಗಂಟಲಲ್ಲೇ ಗಂಟಾಗಿ
'ನಮ್ಮ ಸಮುದ್ರ' ಅಂದಳಂತೆ.
ನಾಯಿ ಮೂಸಿತು, ಸೀನಿತು, ಹೋಯಿತು.

ಆರನೆಯ ನಿಮಿಷಕ್ಕೇ ಗಂಟೆ ಬಾರಿಸಿದರು.
ಕೂತವರು ಹದಿನಾಲ್ಕು ಜನ, ಇಬ್ಬರ ಕಣ್ಣು ಫೋನಿನಲ್ಲಿ.
ಕೊನೆಯ ಸಾಲಿನಿಂದೊಬ್ಬಳು, ಬೊಲಿವಿಯಾದವಳು, ಎದ್ದು ಕೇಳಿದಳು:
ನಮ್ಮಲ್ಲೂ ಸರೋವರ ಬತ್ತಿದೆ, ಗೋಲಿ ಎಷ್ಟು ದಪ್ಪ?
ಅಷ್ಟಕ್ಕೇ ಹೋದದ್ದು ಅನ್ನಿ.

ಸಂಜೆ, ನೀರಿರುವ ಸಮುದ್ರಕ್ಕೆ ಬೆರಳು ಅದ್ದಿ
ನೆಕ್ಕಿ ನೋಡಿದಳಂತೆ.
'ನಮ್ಮದರಷ್ಟು ಕಹಿಯಿಲ್ಲ, ಅಪಾ.'

ಭಾನುವಾರ ರಾತ್ರಿ ಬಂದಳು. ಬೆಳಗಾದರೆ ತಟ್ಟೆ ತೊಳೆಯುತ್ತಾ
ನಾನು ತೊಳೆದ ವಾರ ಸರಿಯಿಲ್ಲವೆಂದು ಬೈಯುತ್ತಿದ್ದಳು.
ರಸೀದಿಯ ಹಣ ಬರಲು ನಾಲ್ಕು ತಿಂಗಳು;
ಉಲ್‌ಬೋಸಿನಳ ಬೇಸಿಗೆ ಮುಗಿದಿತ್ತು.
ಆ ಮೂಲೆಯಲ್ಲಿ ಈಗಲೂ ಒಂದು ಕುರ್ಚಿ,
ಅದರ ಮೇಲೆ ಬೆಕ್ಕು.

ನಿನ್ನೆ ಬಾಗಿಲಲ್ಲೊಬ್ಬ ಹುಡುಗ, ಜಲ್ಗಾಸ್,
ಸಕ್ಸೌಲ್ ಬೀಜದ ಚೀಲ ಎದೆಗೊತ್ತಿಕೊಂಡು:
'ಅಪಾ, ನೀವು ಪತ್ರ ಬರೀತೀರಂತೆ.'
ಮೊದಲು ತಗೊಂಡ ತಕ್ಕಡಿ ವಾಪಸ್ ಕೊಡು, ಅಂದೆ.
ಕಾಗದ ತೆಗೆದೆ.